ಆಪ್ತಸಮಾಲೋಚನೆಯ ಪದವಿಯೂ ಮನೆಯ ಲೆಕ್ಕವೂ

2025ರ ಜೂನ್ ತಿಂಗಳ ಮೊದಲ ವಾರದಲ್ಲಿ ನಮ್ಮ ಸಂಸ್ಥೆಯ ಕಾರ್ಯಾಲಯಕ್ಕೆ ತಂದೆ-ಮಗಳಿಬ್ಬರು ಬಂದಿದ್ದರು. ಮಗಳು ನಮ್ಮ ಶಾಲೆಯಲ್ಲಿಯೇ ಕಲಿತು, ಅನಂತರ ಸಾಂಗಲಿಯಲ್ಲಿ ಹನ್ನೆರಡನೆಯ ಇಯತ್ತೆಯನ್ನು ಮುಗಿಸಿದವಳು. ತಂದೆ ಮಾಧವನಗರದ ವಿದ್ಯುತ್ ಮಗ್ಗವೊಂದರಲ್ಲಿ ದುಡಿಯುವವರು. ಅವರ ಕೈಯಲ್ಲಿ ಬಣ್ಣದ ಪುಸ್ತಿಕೆಯೊಂದಿತ್ತು. ಮನೆಯಲ್ಲಿಯೇ ಕುಳಿತು 'ಪ್ಯಾಸ್ಟೋರಲ್ ಕೌನ್ಸೆಲಿಂಗ್' ಎಂಬ ವಿಷಯದಲ್ಲಿ ಹದಿನೆಂಟು ತಿಂಗಳಲ್ಲಿ ಪದವಿ ಪಡೆಯಬಹುದೆಂದು ದೂರದ ಸಂಸ್ಥೆಯೊಂದು ಅದರಲ್ಲಿ ಸಾರಿತ್ತು. ಶುಲ್ಕ ಎರಡು ಲಕ್ಷ ರೂಪಾಯಿಗಳಿಗೆ ಮೇಲ್ಪಟ್ಟದ್ದು. ಅದನ್ನು ಮುಂಗಡವಾಗಿಯೇ ತುಂಬಬೇಕು. ತಂದೆಯವರು ಅಥಣಿ ಕಡೆಯ ತಮ್ಮ ಪಾಲಿನ ಹೊಲವನ್ನು ಒತ್ತೆಯಿಡಲು ಮನಸ್ಸು ಮಾಡಿಕೊಂಡೇ ಬಂದಿದ್ದರು. "ಹುಡುಗಿಗೆ ಇದೇ ಕಲೀಬೇಕಂತರಿ ಗುರುಗಳೇ. ರೊಕ್ಕದ ವಿಚಾರ ನಾ ನೋಡ್ಕೋತೀನಿ. ಇದು ಖರೇ ಅದನೋ ಇಲ್ಲೋ, ಅಷ್ಟು ನೋಡಿ ಹೇಳ್ರಿ" ಎಂದರು.

ನಾವು ನಾಲ್ಕು ದಿನಗಳ ಅವಕಾಶ ಕೇಳಿಕೊಂಡೆವು. ಪದವಿಯನ್ನು ಕೊಡುವ ವಿಶ್ವವಿದ್ಯಾಲಯ ಯಾವುದು, ಅದು ಯಾವ ಕಾಯಿದೆಯ ಮೇರೆಗೆ ಸ್ಥಾಪಿತವಾದುದು ಎಂಬ ಎರಡು ಪ್ರಶ್ನೆಗಳಿಗೆ ಆ ಪುಸ್ತಿಕೆಯ ಯಾವ ಪುಟದಲ್ಲಿಯೂ ಉತ್ತರವಿರಲಿಲ್ಲ. ದೂರವಾಣಿಯಲ್ಲಿ ಕೇಳಿದಾಗ, ಮೊದಲು ಹಣ ತುಂಬಿರಿ, ಕಾಗದಪತ್ರಗಳ ಮಾತು ಆಮೇಲೆ ಎಂದರು. ಹೊಲ ಉಳಿಯಿತು. ಆದರೆ ಹುಡುಗಿಯ ಪ್ರಶ್ನೆಯೂ ಉಳಿಯಿತು: ಇದು ಖರೆ ಅಲ್ಲವಾದರೆ ಖರೆಯಾದುದು ಎಲ್ಲಿದೆ, ಅದಕ್ಕೆ ಎಷ್ಟು ಖರ್ಚಾದೀತು? ಅವಳಿಗೋಸ್ಕರ ನಾವು ವಿಚಾರಿಸಿ ತಿಳಿದುಕೊಂಡುದನ್ನು ಇಲ್ಲಿ ಬರೆದಿದ್ದೇವೆ. ಇಂಥ ಪುಸ್ತಿಕೆಗಳು ಇನ್ನೂ ಹಲವು ಮನೆಗಳಿಗೆ ಬರುತ್ತಿರುವುದುಂಟು.

ಮೊದಲು ವಿಷಯವೇನೆಂಬುದನ್ನು ತಿಳಿಯೋಣ. 'ಪಾಸ್ಟರ್' ಎಂಬ ಲ್ಯಾಟಿನ್ ಶಬ್ದಕ್ಕೆ ಕುರಿ ಕಾಯುವವನೆಂದು ಅರ್ಥ. ಕನ್ನಡ ಕ್ರೈಸ್ತರು ಅದಕ್ಕೆ ಸಭಾಪಾಲಕನೆಂಬ ಒಳ್ಳೆಯ ಶಬ್ದವನ್ನು ಮಾಡಿಕೊಂಡರು. ನಮ್ಮ ಭಾಗದಲ್ಲಿ ತಂದೆತಾಯಿಗಳನ್ನೂ ಪಾಲಕರೆಂದೇ ಕರೆಯುವುದರಿಂದ ಈ ಮಾತಿನ ಭಾವವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಜತ್ತದ ಬಯಲಿನಲ್ಲಿ ಕುರಿಯ ಮಂದೆಗಳನ್ನು ಕಂಡವರಿಗೆ ಗೊತ್ತು: ಇನ್ನೂರು ಕುರಿಗಳಿದ್ದರೂ ಅವುಗಳಲ್ಲಿ ಕುಂಟುವುದು ಯಾವುದು, ಮೇವು ಬಿಟ್ಟಿರುವುದು ಯಾವುದು ಎಂಬುದು ಕುರುಬನ ಕಣ್ಣಿಗೆ ಬೀಳದೆ ಇರದು. ಸಭೆಯಲ್ಲಿ ಯಾರ ಮನೆಯಲ್ಲಿ ಸಾವಾಗಿದೆ, ಯಾರ ಮಗ ಕುಡಿತಕ್ಕೆ ಬಿದ್ದಿದ್ದಾನೆ, ಯಾವ ದಂಪತಿಗಳಲ್ಲಿ ಮಾತು ನಿಂತಿದೆ, ಯಾವ ವಿದ್ಯಾರ್ಥಿ ಪರೀಕ್ಷೆಯಲ್ಲಿ ನಪಾಸಾಗಿ ಬಾಗಿಲು ಹಾಕಿಕೊಂಡು ಕುಳಿತಿದ್ದಾನೆ ಎಂಬುದನ್ನು ಅರಿತು, ಅವರ ಬಳಿ ಕುಳಿತು, ಅವರ ಮಾತನ್ನು ಕೇಳಿ, ಕೇಳಿದುದನ್ನು ತನ್ನಲ್ಲಿಯೇ ಇಟ್ಟುಕೊಂಡು, ಅವರು ತಮ್ಮ ದಾರಿಯನ್ನು ತಾವೇ ಕಾಣುವಂತೆ ನೆರವಾಗುವುದಕ್ಕೆ ಪಾಲನಾ ಸಮಾಲೋಚನೆ ಎನ್ನಬಹುದು. ಧರ್ಮದ ಸಂಬಂಧವನ್ನು ಬಿಟ್ಟು ಇದೇ ಕಾರ್ಯವನ್ನು ಮಾಡಿದರೆ ಅದು ಆಪ್ತಸಮಾಲೋಚನೆ.

ಇದು ಕ್ರೈಸ್ತರಿಗೆ ಮಾತ್ರ ಸಂಬಂಧಿಸಿದ್ದೆಂದು ಯಾರೂ ಪುಟ ತಿರುವಬಾರದು. ಮನಸ್ಸಿಗೆ ಕಷ್ಟವಾದಾಗ ನಮ್ಮ ಜನರು ಮಠಕ್ಕೆ ಹೋಗಿ ಸ್ವಾಮಿಗಳೆದುರು ಕುಳಿತುಕೊಳ್ಳುತ್ತಾರೆ. ಮಿರಜದ ಮೀರಾಸಾಹೇಬರ ದರ್ಗಾಕ್ಕೆ ಎಲ್ಲ ಜಾತಿಯವರೂ ಹೋಗುತ್ತಾರೆ. ವೈದ್ಯರ ಬಳಿ ಹೋಗುವ ಮೊದಲು ಧರ್ಮಗುರುವಿನ ಬಳಿ ಹೋಗುವುದು ನಮ್ಮಲ್ಲಿ ಹಳೆಯ ರೂಢಿ. ಆದುದರಿಂದ ಆ ಸ್ಥಾನದಲ್ಲಿ ಕುಳಿತವನಿಗೆ ಉಪದೇಶ ಮಾಡುವ ಶಕ್ತಿಯೊಂದೇ ಸಾಲದು. ತನ್ನೆದುರಿನ ಹುಡುಗಿಯದು ದುಃಖವೋ, ಔಷಧ ಬೇಕಾದ ಬೇನೆಯೋ ಎಂದು ಗುರುತಿಸಲಾರದವನು ಅವಳಿಗೆ ಕೇಡನ್ನೇ ಮಾಡಿಯಾನು. ತಾಯಿತ ಕಟ್ಟಿಸುತ್ತ ವರ್ಷಗಳನ್ನು ಕಳೆದ ಮನೆಗಳನ್ನು ನಾವು ಬಲ್ಲೆವು.

ಧರ್ಮಗುರುವಿಗೂ ಶಾಸ್ತ್ರೀಯ ಶಿಕ್ಷಣ ಬೇಕೆಂಬ ವಿಚಾರ ಹುಟ್ಟಿದುದು ಸುಮಾರು ನೂರು ವರ್ಷಗಳ ಹಿಂದೆ. ಅಮೆರಿಕದ ಆಂಟನ್ ಬಾಯ್ಸೆನ್ ಎಂಬ ಪಾದ್ರಿಗೆ 1920ರಲ್ಲಿ ಮಾನಸಿಕ ಬೇನೆಯುಂಟಾಗಿ ಅವರನ್ನು ಆಸ್ಪತ್ರೆಯಲ್ಲಿ ಇಡಬೇಕಾಯಿತು. ತಾವು ಅನುಭವಿಸಿದುದನ್ನೇ ಅವರು ವಿದ್ಯೆಯನ್ನಾಗಿ ಮಾಡಿಕೊಂಡರು. ಗುಣವಾದ ಮೇಲೆ ವೂಸ್ಟರ್ ನಗರದ ಮಾನಸಿಕ ಆಸ್ಪತ್ರೆಯಲ್ಲಿ ಧರ್ಮಗುರುವಾಗಿ ಸೇರಿ, 1925ರ ಬೇಸಗೆಯಲ್ಲಿ ಧರ್ಮಶಾಸ್ತ್ರದ ಕೆಲವು ವಿದ್ಯಾರ್ಥಿಗಳನ್ನು ಅಲ್ಲಿಗೇ ಕರೆಯಿಸಿಕೊಂಡು, ಗ್ರಂಥಗಳನ್ನು ಓದುವಷ್ಟೇ ಶ್ರದ್ಧೆಯಿಂದ ರೋಗಿಗಳನ್ನೂ ಅರಿಯಿರೆಂದು ಕಲಿಸಿದರು. ಇಂದಿಗೂ ಒಳ್ಳೆಯ ಕಾಲೇಜುಗಳಲ್ಲಿ ಈ ವಿಷಯದ ವಿದ್ಯಾರ್ಥಿಯನ್ನು ಆಸ್ಪತ್ರೆಗೆ ಕಳುಹಿಸದೆ ಪದವಿ ಕೊಡುವುದಿಲ್ಲ. ಸಮಾಲೋಚನೆಯ ಶಾಸ್ತ್ರವನ್ನು ಹೊಸದಾಗಿ ಕಟ್ಟಿದ ಕಾರ್ಲ್ ರೋಜರ್ಸ್ ಸಹ ಮೊದಲು ಪಾದ್ರಿಯಾಗಬೇಕೆಂದು ನ್ಯೂಯಾರ್ಕಿನ ಧರ್ಮಶಾಸ್ತ್ರದ ಕಾಲೇಜನ್ನು ಸೇರಿ, ಎರಡು ವರ್ಷಗಳ ಅನಂತರ ಮನಃಶಾಸ್ತ್ರದ ಕಡೆಗೆ ತಿರುಗಿದವರು.

ಇಂಗ್ಲೆಂಡಿನ ಇನ್ನೊಂದು ಸಂಗತಿಯನ್ನು ಪಾಲಕರು ವಿಶೇಷವಾಗಿ ಗಮನಿಸಬೇಕು. 1935ರಲ್ಲಿ ಲಿಂಕನ್ ಎಂಬ ಊರಿನಲ್ಲಿ ಚಾಡ್ ವಾರಾ ಎಂಬ ತರುಣ ಪಾದ್ರಿಯ ಪಾಲಿಗೆ ಬಂದ ಮೊದಲ ಅಂತ್ಯಕ್ರಿಯೆ ಹದಿಹರೆಯದ ಬಾಲಿಕೆಯೊಬ್ಬಳದು. ಅವಳು ಮೊದಲ ಸಲ ಮುಟ್ಟಾದಾಗ ಅದನ್ನು ನಾಚಿಕೆಗೇಡಿನ ರೋಗವೆಂದು ತಿಳಿದು ಪ್ರಾಣ ಕಳೆದುಕೊಂಡಿದ್ದಳು. ಕೇಳಬಹುದಾದಂಥವರು ಒಬ್ಬರೂ ಅವಳಿಗೆ ಇರಲಿಲ್ಲ. ಚಾಡ್ ವಾರಾ ಅದನ್ನು ಮರೆಯಲಿಲ್ಲ. 1953ರಲ್ಲಿ ಲಂಡನ್ನಿನ ತಮ್ಮ ಚರ್ಚಿನಲ್ಲಿ ದೂರವಾಣಿಯೊಂದನ್ನಿರಿಸಿ, ಬದುಕು ಬೇಡವಾದವರು ಯಾವಾಗ ಬೇಕಾದರೂ ಮಾತನಾಡಬಹುದೆಂದು ಪ್ರಕಟಿಸಿದರು. ಅದೇ ಉದ್ದೇಶದ 'ಸ್ನೇಹಾ' ಎಂಬ ಸಂಸ್ಥೆ 1986ರಲ್ಲಿ ಚೆನ್ನೈಯಲ್ಲಿ ಪ್ರಾರಂಭವಾಯಿತು. 2022ರ ಅಕ್ಟೋಬರ್ 10ರಂದು ಭಾರತ ಸರಕಾರವು 'ಟೆಲಿ ಮಾನಸ್' ಎಂಬ ವ್ಯವಸ್ಥೆಯನ್ನು ಆರಂಭಿಸಿದೆ. 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತನಾಡಬಹುದು, ಹಣ ಬೇಕಿಲ್ಲ. ಈ ಸಂಖ್ಯೆಯನ್ನು ಮಕ್ಕಳು ತಮ್ಮ ವಹಿಯ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಲಿ.

ಇನ್ನು ಪದವಿಯ ಮಾತು. ನಮ್ಮ ದೇಶದಲ್ಲಿ ಪದವಿ ಕೊಡುವ ಅಧಿಕಾರ ಎಲ್ಲರಿಗೂ ಇಲ್ಲ. 1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಕಾಯಿದೆಯ 22ನೆಯ ಕಲಮಿನಂತೆ ಕೇಂದ್ರದ ಅಥವಾ ರಾಜ್ಯದ ಕಾಯಿದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾಲಯ, ವಿಶ್ವವಿದ್ಯಾಲಯವೆಂದು ಪರಿಗಣಿತವಾದ ಸಂಸ್ಥೆ, ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ ಇವು ಮಾತ್ರ ಪದವಿ ಕೊಡಬಹುದು. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಆಯೋಗವೇ ಪ್ರಕಟಿಸುತ್ತದೆ. 'ಅಂತರರಾಷ್ಟ್ರೀಯ ಮನ್ನಣೆ' ಎಂಬ ಮಾತು ದಪ್ಪಕ್ಷರದಲ್ಲಿದ್ದು ವಿಶ್ವವಿದ್ಯಾಲಯದ ಹೆಸರು ಸಣ್ಣಕ್ಷರದಲ್ಲಿಯೂ ಇಲ್ಲದಿದ್ದರೆ ಅಂಥ ಪುಸ್ತಿಕೆಯನ್ನು ಅಲ್ಲಿಯೇ ಮಡಿಚಿಡುವುದು ಲೇಸು.

ಧರ್ಮಶಾಸ್ತ್ರದ ಪದವಿಗಳಿಗೆ ನಮ್ಮಲ್ಲಿ ಹಳೆಯದಾದ, ಗೌರವದ ಆಧಾರವೊಂದಿದೆ. ಬಂಗಾಲದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿ, ಮಾರ್ಷಮನ್, ವಾರ್ಡ್ ಎಂಬ ಮೂವರು 1818ರಲ್ಲಿ ಸ್ಥಾಪಿಸಿದ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ರಾಜನು ಪದವಿ ಕೊಡುವ ಸನ್ನದನ್ನಿತ್ತನು. ಆಗ ಆ ಊರು ಡೇನರದಾಗಿತ್ತು. 1918ರಲ್ಲಿ ಬಂಗಾಲದ ಶಾಸನಸಭೆ ಅದಕ್ಕೆ ಕಾಯಿದೆಯ ಬಲ ಕೊಟ್ಟಿತು. ಇಂದು ದೇಶದ ಅನೇಕ ಧರ್ಮಶಾಸ್ತ್ರದ ಕಾಲೇಜುಗಳಲ್ಲಿ ಕಲಿತವರಿಗೆ ಶ್ರೀರಾಮಪುರದ ಸೆನೆಟ್ ಪರೀಕ್ಷೆ ನಡೆಸಿ ಪದವಿ ಕೊಡುತ್ತದೆ. ಕನ್ನಡಿಗರಿಗೆ ಹತ್ತಿರವಾದುವು ಎರಡು: 1910ರಲ್ಲಿ ಆರಂಭವಾದ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಮತ್ತು ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು. ಎರಡನೆಯದು ಬಾಸೆಲ್ ಮಿಷನ್ನಿನ ಪರಂಪರೆಯದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗರೂ, 1894ರಲ್ಲಿ ಕನ್ನಡದ ದೊಡ್ಡ ನಿಘಂಟನ್ನು ಕೊಟ್ಟ ಕಿಟ್ಟೆಲರೂ ಆ ಮಿಷನ್ನಿನ ಪಾದ್ರಿಗಳೇ. ಜನರ ಸುಖದುಃಖವನ್ನು ಕೇಳಬೇಕಾದರೆ ಮೊದಲು ಅವರ ಭಾಷೆ ಬೇಕೆಂದು ಅವರು ತಿಳಿದಿದ್ದರು.

ಈ ದಾರಿಯಲ್ಲಿ ಹೋಗುವವರು ಮೊದಲು ಯಾವುದಾದರೊಂದು ವಿಷಯದಲ್ಲಿ ಪದವೀಧರರಾಗಿ, ಆಮೇಲೆ ಬಿ.ಡಿ. ಎಂಬ ನಾಲ್ಕು ವರ್ಷದ ಪದವಿಯನ್ನು ಮಾಡಬೇಕು. ಪಾಲನೆ, ಸಮಾಲೋಚನೆ ಅದರಲ್ಲಿ ಒಂದು ಭಾಗ. ಅದನ್ನೇ ವಿಶೇಷವಾಗಿ ಕಲಿಯಬೇಕಾದರೆ ಮುಂದೆ ಎರಡು ವರ್ಷದ ಎಂ.ಟಿಎಚ್. ಇದೆ. ಲೆಕ್ಕ ಹಾಕಿದರೆ ಹನ್ನೆರಡನೆಯ ಇಯತ್ತೆಯ ಮೇಲೆ ಒಂಬತ್ತು ವರ್ಷ! ಆದರೆ ಈ ಕಾಲೇಜುಗಳು ಸಾಮಾನ್ಯವಾಗಿ ಚರ್ಚಿನ ಶಿಫಾರಸು ಪತ್ರ ತಂದವರನ್ನು ಸೇರಿಸಿಕೊಳ್ಳುತ್ತವೆ. ಕಳುಹಿಸಿದ ಚರ್ಚು ವೆಚ್ಚದಲ್ಲಿ ಪಾಲು ಹೊರುವುದೂ ಉಂಟು. ಹಾಗೆ ಹೋದವರು ಹಿಂದಿರುಗಿ ಆ ಚರ್ಚಿನ ಸೇವೆ ಮಾಡಬೇಕೆಂಬ ಕರಾರು ಇರಬಹುದು. ಅದನ್ನು ಮೊದಲೇ ಓದಿಕೊಳ್ಳತಕ್ಕದ್ದು. ಹೆಣ್ಣುಮಕ್ಕಳಿಗೆ ಇದು ಮುಚ್ಚಿದ ಬಾಗಿಲೇನಲ್ಲ. ನಮ್ಮ ಭಾಗದ ಉತ್ತರ ಭಾರತ ಸಭೆಯಲ್ಲಿಯೂ ಕರ್ನಾಟಕದ ದಕ್ಷಿಣ ಭಾರತ ಸಭೆಯಲ್ಲಿಯೂ ಸ್ತ್ರೀಯರಿಗೆ ದೀಕ್ಷೆ ಕೊಡುತ್ತಾರೆ. ಸಭಾಪಾಲಕರಾಗಬೇಕೆಂಬ ಸಂಕಲ್ಪ ದೃಢವಾಗಿದ್ದು, ಚರ್ಚಿನ ಬೆಂಬಲವಿದ್ದರೆ ಹಣದ ದೃಷ್ಟಿಯಿಂದ ಇದು ದುಬಾರಿಯಲ್ಲ. ಸಂಕಲ್ಪ ಅಷ್ಟು ದೃಢವಿಲ್ಲದವರು ಇದರಲ್ಲಿ ಕಾಲಿಡಬಾರದೆಂದೇ ನಮ್ಮ ಅಭಿಪ್ರಾಯ. ಧರ್ಮಶಾಸ್ತ್ರದ ಪದವಿಯನ್ನು ಹಿಡಿದು ಶಾಲೆಯ ಅಥವಾ ಸರಕಾರಿ ದವಾಖಾನೆಯ ಸಮಾಲೋಚಕರ ಹುದ್ದೆಗೆ ಅರ್ಜಿ ಹಾಕಿದರೆ ಅಲ್ಲಿ ಕೇಳುವುದು ಮನಃಶಾಸ್ತ್ರ ಅಥವಾ ಸಮಾಜಕಾರ್ಯದ ಪದವಿಯನ್ನು.

ಆದುದರಿಂದ ನಮ್ಮ ಹುಡುಗಿಗೆ ನಾವು ತೋರಿಸಿದುದು ಬೇರೆಯ ದಾರಿ: ಮೊದಲು ಊರ ಹತ್ತಿರದ ಕಾಲೇಜಿನಲ್ಲಿ ಮನಃಶಾಸ್ತ್ರವನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡು ಬಿ.ಎ. ಮುಂದೆ ಚರ್ಚಿಗೆ ಹೋಗುವುದಾದರೂ, ಶಾಲೆಗೆ ಹೋಗುವುದಾದರೂ ಈ ಪದವಿ ವ್ಯರ್ಥವಾಗದು. 1962ರಲ್ಲಿ ಸ್ಥಾಪಿತವಾದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಲಾ ಕಾಲೇಜುಗಳು ಸಾಂಗಲಿ-ಮಿರಜಗಳಲ್ಲಿ ಹಲವಿವೆ. ಅವುಗಳಲ್ಲಿ 1919ರ ವಿಲಿಂಗ್ಡನ್ ಕಾಲೇಜನ್ನು ಕನ್ನಡಿಗರು ಮರೆಯಲಾರರು, ವಿ. ಕೃ. ಗೋಕಾಕರು ಅಲ್ಲಿಯ ಪ್ರಾಚಾರ್ಯರಾಗಿದ್ದರು, ರಂ. ಶ್ರೀ. ಮುಗಳಿಯವರು ಅಲ್ಲಿ ಕನ್ನಡ ಕಲಿಸಿದರು. (ಮರಾಠಿ ನಾಡಿನ ಕಾಲೇಜಿನಲ್ಲಿ ಕನ್ನಡದ ಇಬ್ಬರು ದೊಡ್ಡವರು ಇದ್ದರೆಂಬುದನ್ನು ನಮ್ಮ ಮಕ್ಕಳಿಗೆ ಆಗಾಗ ಹೇಳುತ್ತಿರಬೇಕು.) ಅನಂತರದ ಎಂ.ಎ.ಗೆ ಗಡಿ ದಾಟಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಹೋಗಬಹುದು. ಅಲ್ಲಿ ಮನಃಶಾಸ್ತ್ರದ ವಿಭಾಗವಿದೆ.

ಕಾಲೇಜನ್ನು ಸೇರುವಾಗ ಪಾಲಕರು ಕೇಳಲು ಮರೆಯುವ ಪ್ರಶ್ನೆಯೊಂದಿದೆ. ಒಂದೇ ಕಾಲೇಜಿನಲ್ಲಿ ಅನುದಾನಿತ ತುಕಡಿಯೂ ಅನುದಾನರಹಿತ ತುಕಡಿಯೂ ಇರುವುದುಂಟು. ಕಟ್ಟಡ ಒಂದೇ, ಪಾಠವೂ ಒಂದೇ. ಶುಲ್ಕದಲ್ಲಿ ಮಾತ್ರ ಬಹಳ ಅಂತರ. ಮನಃಶಾಸ್ತ್ರದ ತುಕಡಿ ಯಾವುದರಲ್ಲಿ ಬರುತ್ತದೆಂದು ಕೇಳಿಯೇ ಅರ್ಜಿ ತುಂಬಬೇಕು. ಮೊದಲ ಯಾದಿಯಲ್ಲಿ ಹೆಸರು ಬರಲಿಲ್ಲವೆಂದು ಆತುರದಿಂದ ಅನುದಾನರಹಿತ ತುಕಡಿಗೆ ಹಣ ತುಂಬಿ, ವಾರದ ಮೇಲೆ ಅನುದಾನಿತದಲ್ಲಿ ಸ್ಥಳ ತೆರವಾದುದನ್ನು ಕಂಡು ಕೈಹಿಸುಕಿಕೊಂಡವರಿದ್ದಾರೆ.

ಬಿ.ಎ. ಆದ ಮೇಲೆ ಎರಡು ಕವಲುಗಳು. ಒಂದು ಮನಃಶಾಸ್ತ್ರದಲ್ಲಿ ಎಂ.ಎ., ಇನ್ನೊಂದು ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯು. ಎರಡನೆಯದಕ್ಕೆ ಯಾವುದೇ ವಿಷಯದ ಪದವೀಧರರು ಸೇರಬಹುದು. ವಾರದಲ್ಲಿ ಕೆಲವು ದಿನ ಆಸ್ಪತ್ರೆ, ಬಡಾವಣೆ, ಶಾಲೆಗಳಲ್ಲಿ ಪ್ರತ್ಯಕ್ಷ ಕೆಲಸ ಮಾಡಿಯೇ ಕಲಿಯಬೇಕಾಗುವುದರಿಂದ ನಮಗೆ ಅದು ಮೆಚ್ಚುಗೆಯಾಗಿದೆ. ಈ ವಿದ್ಯೆ ನಮ್ಮ ದೇಶದಲ್ಲಿ ಆರಂಭವಾದ ಬಗೆಯೂ ನಮ್ಮ ವಿಷಯಕ್ಕೆ ಹೊಂದುವಂಥದು. ಕ್ಲಿಫರ್ಡ್ ಮ್ಯಾನ್ಶಾರ್ಟ್ ಎಂಬ ಅಮೆರಿಕನ್ ಪಾದ್ರಿ 1926ರಲ್ಲಿ ಮುಂಬಯಿಯ ನಾಗಪಾಡಾದಲ್ಲಿ ಗಿರಣಿ ಕೂಲಿಕಾರರ ನಡುವೆ ನೆರೆಹೊರೆಯ ಸೇವಾಗೃಹವೊಂದನ್ನು ತೆರೆದರು. ಹತ್ತು ವರ್ಷ ಆ ಕೆಲಸ ಮಾಡಿ, ಒಳ್ಳೆಯ ಮನಸ್ಸಿದ್ದರೆ ಸಾಲದು, ತರಬೇತಿ ಬೇಕೆಂದು ಕಂಡುಕೊಂಡರು. 1936ರಲ್ಲಿ ಟಾಟಾ ಟ್ರಸ್ಟಿನ ನೆರವಿನಿಂದ ಸಮಾಜಕಾರ್ಯದ ವಿದ್ಯಾಲಯವನ್ನು ಆರಂಭಿಸಿ ಅದರ ಮೊದಲ ನಿರ್ದೇಶಕರಾದರು. ಅದೇ ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ.

ಅಂಚೆಯ ಮೂಲಕ ಕಲಿಯಬಾರದೇ ಎಂದು ಹಲವರು ಕೇಳುತ್ತಾರೆ. 2025ರವರೆಗೆ ನಾವೂ ಅದನ್ನೇ ಹೇಳುತ್ತಿದ್ದೆವು. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಮನಃಶಾಸ್ತ್ರದ ಎಂ.ಎ. ಬಡವರಿಗೆ ಅನುಕೂಲವಾದ ದಾರಿಯಾಗಿತ್ತು. ಆದರೆ ಅನುದಾನ ಆಯೋಗವು ಮನಃಶಾಸ್ತ್ರವೂ ಸೇರಿದಂತೆ ಆರೋಗ್ಯಕ್ಕೆ ಸಂಬಂಧಿಸಿದ ವಿಷಯಗಳನ್ನು ದೂರಶಿಕ್ಷಣದಿಂದಾಗಲಿ ಅಂತರ್ಜಾಲದಿಂದಾಗಲಿ ಕಲಿಸಬಾರದೆಂದು ನಿರ್ಣಯಿಸಿ, 2025ರ ಜುಲೈ-ಆಗಸ್ಟ್ ಪ್ರವೇಶದಿಂದಲೇ ಅದನ್ನು ಜಾರಿಗೆ ತಂದಿತು. ನಮ್ಮ ಹುಡುಗಿ ಬಂದು ಹೋದ ಕೆಲವೇ ವಾರಗಳಲ್ಲಿ ಈ ಸುದ್ದಿ ಬಂದಿತು. ಇದರ ಹಿಂದೆ 2021ರ ಕಾಯಿದೆಯೊಂದಿದೆ. ವೈದ್ಯರು, ದಾದಿಯರು ಅಲ್ಲದ ಇತರ ಆರೋಗ್ಯ ವೃತ್ತಿಗಳಿಗಾಗಿ ಮಾಡಿದ ಆ ಕಾಯಿದೆಯ ಪಟ್ಟಿಯಲ್ಲಿ ಸಮಾಲೋಚಕರ ಹಲವು ಬಗೆಗಳು ಸೇರಿವೆ. ಆರೋಗ್ಯ ವೃತ್ತಿಯ ಪದವಿಗೆ 3 ರಿಂದ 6 ವರ್ಷಗಳಲ್ಲಿ ಕನಿಷ್ಠ 3600 ಗಂಟೆಗಳ ಶಿಕ್ಷಣವಾಗಿರಬೇಕೆಂದು ಅದು ಹೇಳುತ್ತದೆ. ಹದಿನೆಂಟು ತಿಂಗಳ ಪುಸ್ತಿಕೆಯವರು ಈ ಲೆಕ್ಕವನ್ನು ಹೇಗೆ ಕೂಡಿಸುತ್ತಿದ್ದರೋ ತಿಳಿಯದು. ಆಸ್ಪತ್ರೆಯಲ್ಲಿ ಚಿಕಿತ್ಸಾ ಮನಃಶಾಸ್ತ್ರಜ್ಞರಾಗಬೇಕೆನ್ನುವವರು ಎಂ.ಎ. ಆದ ಮೇಲೆ ಇನ್ನೂ ತರಬೇತಿ ಪಡೆದು, 1992ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಕೇವಲ ಎಂ.ಎ. ಮಾಡಿ ಆ ಹೆಸರನ್ನು ಫಲಕದ ಮೇಲೆ ಬರೆದುಕೊಳ್ಳುವುದು ಕಾಯಿದೆಗೆ ವಿರುದ್ಧ.

ಇಷ್ಟೆಲ್ಲ ಕಲಿತರೆ ಕೆಲಸವುಂಟೇ? ಸುಪ್ರೀಂ ಕೋರ್ಟು 2025ರ ಜುಲೈ 25ರಂದು ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ತೀರ್ಪು ಕೊಡುತ್ತ, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಗಳಲ್ಲಿ ಅರ್ಹರಾದ ಸಮಾಲೋಚಕರು, ಮನಃಶಾಸ್ತ್ರಜ್ಞರು ಅಥವಾ ಸಮಾಜಕಾರ್ಯಕರ್ತರು ಒಬ್ಬರಾದರೂ ಇರಬೇಕೆಂದು ಮಾರ್ಗಸೂಚಿ ವಿಧಿಸಿದೆ. ತೀರ್ಪು ಬಂದ ಮಾತ್ರಕ್ಕೆ ಎಲ್ಲ ಶಾಲೆಗಳಲ್ಲಿ ಕುರ್ಚಿ ಹಾಕಿಟ್ಟಿರುತ್ತಾರೆಂದು ನಾವು ಹೇಳುವುದಿಲ್ಲ. ಸಂಬಳದ ಹಣ ಎಲ್ಲಿಂದ ಎಂಬುದು ನಮ್ಮಂಥ ಸಣ್ಣ ಸಂಸ್ಥೆಗಳಿಗೆ ಕಠಿಣವಾದ ಪ್ರಶ್ನೆ. ಆದರೂ ಬೇಡಿಕೆ ಹೆಚ್ಚುವುದು ನಿಶ್ಚಯ. ಈಗಾಗಲೇ ಶಿಕ್ಷಕರಾಗಿರುವವರಿಗೆ ಎನ್.ಸಿ.ಇ.ಆರ್.ಟಿ.ಯವರು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಮಾರ್ಗದರ್ಶನ ಮತ್ತು ಸಮಾಲೋಚನೆಯ ಒಂದು ವರ್ಷದ ಡಿಪ್ಲೊಮಾ ನಡೆಸುತ್ತಾರೆ. ನಮ್ಮ ಭಾಗದ ಕನ್ನಡ ಶಾಲೆಗಳ ತರುಣ ಗುರುಗಳು ಅದರತ್ತ ಲಕ್ಷ್ಯ ಹಾಕಬೇಕು.

ಮಿರಜದಲ್ಲಿ ಇದರ ಅಗತ್ಯ ಇನ್ನೂ ಸ್ಪಷ್ಟ. 1894ರಲ್ಲಿ ಡಾಕ್ಟರ್ ವಾನ್‌ಲೆಸ್ಸರು ಅಲ್ಲಿ ಮಿಷನ್ ಆಸ್ಪತ್ರೆಯನ್ನು ತೆರೆದಂದಿನಿಂದ ಬೆಳಗಾವಿ, ವಿಜಾಪುರಗಳ ಕಡೆಯ ಕನ್ನಡ ರೋಗಿಗಳು ಮಿರಜಕ್ಕೆ ಬರುವುದು ರೂಢಿಯಾಗಿದೆ. ಶಸ್ತ್ರಕ್ರಿಯೆಗೆ ಒಪ್ಪಿಗೆ ಕೊಡುವ ಮುನ್ನ ಕೈಕಾಲು ನಡುಗುವ ಮುದುಕನಿಗೆ, ಕೂಸನ್ನು ಕಳೆದುಕೊಂಡ ತಾಯಿಗೆ ಬೇಕಾದುದು ಅವರ ಮಾತಿನಲ್ಲಿಯೇ ಮಾತನಾಡುವ ಮನುಷ್ಯರು. 'ಎದಿ ಡವಡವ ಅಂತದ', 'ಜೀವಕ್ಕ ಸಮಾಧಾನ ಇಲ್ಲ', 'ಹೊಟ್ಟ್ಯಾಗ ಸಂಕಟ ಆಗತದ' ಎಂಬ ಮಾತುಗಳಲ್ಲಿ ಯಾವುದು ಹೊಟ್ಟೆಯ ನೋವು, ಯಾವುದು ಮನಸ್ಸಿನದು ಎಂಬುದನ್ನು ಇಂಗ್ಲಿಷ್ ಪಠ್ಯಪುಸ್ತಕ ಹೇಳಿಕೊಡದು. ಕನ್ನಡವನ್ನು ಮನೆಯಲ್ಲಿಯೂ ಶಾಲೆಯಲ್ಲಿಯೂ, ಮರಾಠಿಯನ್ನು ಬೀದಿಯಲ್ಲಿಯೂ ಕಲಿತ ನಮ್ಮ ಮಕ್ಕಳಿಗೆ ಇದು ಹಣ ತೆರದೆ ಬಂದ ಬಂಡವಾಳ. ಕಾಲೇಜಿನಲ್ಲಿ ಪಾಠಗಳು ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುವುದರಿಂದ ಮೊದಲ ವರ್ಷ ತೊಡಕಾಗುವುದು ಸಹಜ. ಅದಕ್ಕೆ ಮೊದಲೇ ಕನ್ನಡದಲ್ಲಿ ವಿಷಯವನ್ನು ಓದಿಕೊಂಡಿರುವುದು ಒಳ್ಳೆಯದು. ವೈದ್ಯರೂ ಹಾಸ್ಯಲೇಖಕರೂ ಆಗಿದ್ದ ರಾಶಿಯವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿದ್ದ ಡಾಕ್ಟರ್ ಸಿ. ಆರ್. ಚಂದ್ರಶೇಖರರು ಮನಸ್ಸಿನ ಆರೋಗ್ಯದ ಮೇಲೆ ತಿಳಿಯಾದ ಕನ್ನಡದಲ್ಲಿ ಅನೇಕ ಪುಸ್ತಕಗಳನ್ನು ಬರೆದಿದ್ದಾರೆ.

ಈಗ ಲೆಕ್ಕ. ಅನುದಾನಿತ ಕಾಲೇಜಿನಲ್ಲಿ ಬಿ.ಎ. ಮಾಡುವವರಿಗೆ ಶುಲ್ಕಕ್ಕಿಂತ ಹೆಚ್ಚಿನ ಭಾರವೆಂದರೆ ಬಸ್ಸು, ಪುಸ್ತಕ, ಊಟ. ಮನೆಯಿಂದ ಹೋಗಿಬರುವಷ್ಟು ಹತ್ತಿರದ ಕಾಲೇಜನ್ನು ಆರಿಸಿಕೊಂಡರೆ ಈ ಭಾರದ ಅರ್ಧ ಇಳಿಯುತ್ತದೆ. ವಸತಿಯ ಖರ್ಚನ್ನು ಎಂ.ಎ. ಅಥವಾ ಎಂ.ಎಸ್.ಡಬ್ಲ್ಯು.ದ ಎರಡು ವರ್ಷಗಳಿಗಾಗಿ ಉಳಿಸಿಟ್ಟುಕೊಳ್ಳಬೇಕು. ಮಹಾರಾಷ್ಟ್ರ ಸರಕಾರದ ವಿದ್ಯಾರ್ಥಿವೇತನಗಳಿಗೆ 'ಮಹಾಡಿಬಿಟಿ' ಎಂಬ ಒಂದೇ ಜಾಗದಲ್ಲಿ ಅರ್ಜಿ ಹಾಕಬೇಕು. ರಾಜ್ಯದ ಶುಲ್ಕ ರಿಯಾಯಿತಿಗಳು ಬಹುಮಟ್ಟಿಗೆ ರಾಜ್ಯದೊಳಗಿನ ಕಾಲೇಜುಗಳಿಗೇ ಸೀಮಿತವಾದುದರಿಂದ ಧಾರವಾಡಕ್ಕೆ ಹೋಗುವವರು ಅಲ್ಲಿಯ ಕಡಿಮೆ ಶುಲ್ಕವನ್ನೂ ಇಲ್ಲಿ ಕಳೆದುಕೊಳ್ಳುವ ರಿಯಾಯಿತಿಯನ್ನೂ ತೂಗಿ ನೋಡಬೇಕು. ಕ್ರೈಸ್ತ ಕುಟುಂಬಗಳಿಗೆ ಇನ್ನೊಂದು ಮಾತು: 1950ರ ರಾಷ್ಟ್ರಪತಿಗಳ ಆದೇಶದಂತೆ ಕ್ರೈಸ್ತರಾದ ಪರಿಶಿಷ್ಟರಿಗೆ ಪರಿಶಿಷ್ಟ ಜಾತಿಯ ಸವಲತ್ತು ಸಿಗುವುದಿಲ್ಲ, ಆದರೆ ಮಹಾರಾಷ್ಟ್ರದಲ್ಲಿ ಅವರು ಇತರ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಬರುತ್ತಾರೆ. ಪ್ರಮಾಣಪತ್ರದಲ್ಲಿ ತಪ್ಪು ವರ್ಗ ಬರೆಯಿಸಿಕೊಂಡು ಅರ್ಜಿ ತಿರಸ್ಕೃತವಾದರೆ ಒಂದು ವರ್ಷದ ಹಣ ಹೋಯಿತೆಂದೇ ಲೆಕ್ಕ.

ದುಡಿಯುತ್ತ ಕಲಿಯುವುದು ನಮ್ಮ ಭಾಗಕ್ಕೆ ಹೊಸದಲ್ಲ. ಕುಂಭೋಜದಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ 'ದುಡಿ, ಕಲಿ' ಎಂಬ ಪದ್ಧತಿಯನ್ನು ಬೆಳೆಯಿಸಿದರು. ಶಿವಾಜಿ ವಿಶ್ವವಿದ್ಯಾಲಯದಲ್ಲಿಯೂ ಆ ಯೋಜನೆಯಿದೆ.

ಸಾಲ ಮಾಡಲೇಬೇಕಾದರೆ ಹೊಲವನ್ನು ಒತ್ತೆಯಿಡುವುದಕ್ಕೆ ಮೊದಲು ಬ್ಯಾಂಕಿಗೆ ಹೋಗಿರಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಂತೆ ಮನ್ನಣೆ ಪಡೆದ ಶಿಕ್ಷಣಕ್ಕೆ 7.5 ಲಕ್ಷ ರೂಪಾಯಿಗಳವರೆಗೆ ಆಸ್ತಿಯ ಒತ್ತೆ ಬೇಕಾಗಿಲ್ಲ. ಶಿಕ್ಷಣ ಮುಗಿದು ಒಂದು ವರ್ಷವಾಗುವವರೆಗೆ ಕಂತು ಕಟ್ಟಬೇಕಾದುದೂ ಇಲ್ಲ. ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ, ಅದನ್ನು ಮರೆಯಬಾರದು. ಇದರಲ್ಲಿ ಇನ್ನೊಂದು ಲಾಭವೂ ಉಂಟು. ಪದವಿಗೆ ಮನ್ನಣೆಯಿಲ್ಲದಿದ್ದರೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ. ಬಣ್ಣದ ಪುಸ್ತಿಕೆಯನ್ನು ಬ್ಯಾಂಕಿನ ಮೇಜಿನ ಮೇಲೆ ಇಟ್ಟು ನೋಡಿದರೆ ಖರೆಯೋ ಸುಳ್ಳೋ ಎಂಬುದು ಅಲ್ಲಿಯೇ ತಿಳಿಯುತ್ತದೆ. ನಮ್ಮ ಕಾರ್ಯಾಲಯದ ನಾಲ್ಕು ದಿನಗಳೂ ಬೇಕಾಗುವುದಿಲ್ಲ.

ಇಷ್ಟಾದ ಮೇಲೂ ಉಳಿಯುವ ಪ್ರಶ್ನೆಯನ್ನು ವಿದ್ಯಾರ್ಥಿಗಳು ತಾವೇ ಕೇಳಿಕೊಳ್ಳಬೇಕು. ಇತರರ ದುಃಖವನ್ನು ದಿನವೂ ಕೇಳಿ, ಮನೆಗೆ ಬಂದು ಅದನ್ನು ಯಾರಿಗೂ ಹೇಳದೆ ಊಟ ಮಾಡಬಲ್ಲೆನೇ? ಎದುರಿನವರು ಅಳುತ್ತಿರುವಾಗ ಬಾಯಿ ಮುಚ್ಚಿಕೊಂಡು ಕುಳಿತುಕೊಳ್ಳಬಲ್ಲೆನೇ? ಬಹಳ ಮಾತನಾಡುವವರು ಒಳ್ಳೆಯ ಸಮಾಲೋಚಕರಾಗುತ್ತಾರೆಂಬ ತಪ್ಪು ಭಾವನೆ ಇದೆ. ನಾವು ಆ ಹುಡುಗಿಯನ್ನು, ಈ ವಿಷಯವೇ ಏಕೆ ಬೇಕೆಂದು ಕೇಳಿದೆವು. ಅವಳ ಅಜ್ಜಿ ಮಿರಜದ ದವಾಖಾನೆಯಲ್ಲಿ ಎರಡು ತಿಂಗಳು ಮಲಗಿದ್ದಾಗ, ಮಗ್ಗುಲಿನ ಹಾಸಿಗೆಯ ಹೆಂಗಸರು ರಾತ್ರಿ ನಿದ್ರೆ ಬಾರದೆ ತಮ್ಮ ಮನೆಯ ಕಥೆಗಳನ್ನೆಲ್ಲ ಇವಳಿಗೆ ಹೇಳುತ್ತಿದ್ದರಂತೆ. "ನಾ ಏನೂ ಹೇಳ್ತಿದ್ದಿಲ್ಲರಿ, ಕೇಳ್ತಿದ್ದೆ ಅಷ್ಟೇ. ಮುಂಜಾನೆ ಅವರ ಮಾರಿ ಬ್ಯಾರೇನೇ ಕಾಣ್ತಿತ್ತು" ಎಂದಳು.

ಅವಳು ಈಗ ಸಾಂಗಲಿಯ ಕಾಲೇಜೊಂದರ ಅನುದಾನಿತ ತುಕಡಿಯಲ್ಲಿ ಬಿ.ಎ. ಓದುತ್ತಿದ್ದಾಳೆ. ಧರ್ಮಶಾಸ್ತ್ರಕ್ಕೆ ಹೋಗುವುದೋ, ಸಮಾಜಕಾರ್ಯಕ್ಕೆ ಹೋಗುವುದೋ ಎಂಬುದನ್ನು ಪದವಿಯ ಕೊನೆಯ ವರ್ಷದಲ್ಲಿ ನಿಶ್ಚಯಿಸುವುದಾಗಿ ಅವಳೂ ತಂದೆಯೂ ಮಾತನಾಡಿಕೊಂಡಿದ್ದಾರೆ.

ಇಂಥ ಪುಸ್ತಿಕೆ ಯಾರ ಮನೆಗಾದರೂ ಬಂದರೆ ಹಣ ತುಂಬುವ ಮೊದಲು ನಮ್ಮ ಕಾರ್ಯಾಲಯಕ್ಕೆ ತಂದು ತೋರಿಸಬಹುದು. ವಿದ್ಯಾರ್ಥಿವೇತನಕ್ಕೆ ಬೇಕಾದ ಉತ್ಪನ್ನದ ದಾಖಲೆಯನ್ನು ತಹಶೀಲ್ದಾರರ ಕಚೇರಿಯಿಂದ ಪಡೆಯಲು ಜೂನ್ ತಿಂಗಳಲ್ಲಿ ಬಹಳ ನೂಕುನುಗ್ಗಲಾಗುವುದರಿಂದ, ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಏಪ್ರಿಲ್ ತಿಂಗಳಲ್ಲಿಯೇ ಅದಕ್ಕೆ ಅರ್ಜಿ ಕೊಟ್ಟಿರಬೇಕೆಂದು ಪಾಲಕರಲ್ಲಿ ವಿನಂತಿ.